ಜೋಡಿ ಗಡಿಯಾರಗಳು ಒಂದೇ ತಾಳಕ್ಕೆ ಬರುವುದು ಹೇಗೆ? ಹೈಗೆನ್ಸ್ ಹಾಸಿಗೆಯಲ್ಲಿ ಮಲಗಿ ಕಂಡ ಸತ್ಯ

ಒಂದೇ ಹಲಗೆಯ ಮೇಲಿಟ್ಟ ಲೋಲಕಗಳು ಯಾರೂ ಮುಟ್ಟದೆಯೇ ನಿಧಾನವಾಗಿ ಒಂದೇ ತಾಳಕ್ಕೆ ಬರುವ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇದು ಯಾವುದೋ ಅಗೋಚರ ಶಕ್ತಿಯ ಕೆಲಸವೇ? ಅಲ್ಲ. ಇದರ ಕಾರಣವನ್ನು 1665ರಲ್ಲೇ ಪತ್ತೆ ಹಚ್ಚಿದವರು ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್. ಅವರ ಬದುಕನ್ನು ಸ್ವಲ್ಪ ನೋಡೋಣ.

ಹೈಗೆನ್ಸ್ ಹುಟ್ಟಿದ್ದು 1629ರ ಏಪ್ರಿಲ್ 14ರಂದು, ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ. ತಂದೆ ಕವಿ, ರಾಜತಾಂತ್ರಿಕ. ಮಗ ಲೈಡನ್‌ನಲ್ಲಿ ಕಾನೂನು, ಗಣಿತ ಓದಿದರೂ ಮನಸ್ಸು ಆಕಾಶದ ಕಡೆಗಿತ್ತು. 1655ರಲ್ಲಿ ಶನಿಗ್ರಹದ ಉಪಗ್ರಹ ಟೈಟನ್ನನ್ನು ಕಂಡುಹಿಡಿದರು.

ಆಗಿನ ಗಡಿಯಾರಗಳು ದಿನಕ್ಕೆ ಸುಮಾರು 15 ನಿಮಿಷ ಹಿಂದೆ ಮುಂದೆ ಆಗುತ್ತಿದ್ದವು. 1656ರಲ್ಲಿ ಹೈಗೆನ್ಸ್ ಲೋಲಕದ ಗಡಿಯಾರ ರೂಪಿಸಿದರು. ತಪ್ಪು ದಿನಕ್ಕೆ ಸುಮಾರು 15 ಸೆಕೆಂಡಿಗೆ ಇಳಿಯಿತು.

ಇದನ್ನು ಹಡಗಿನಲ್ಲೂ ಬಳಸಬೇಕೆಂಬುದು ಅವರ ಆಸೆ. ಸಮುದ್ರದ ನಡುವೆ ರೇಖಾಂಶ ತಿಳಿಯಲು ಸರಿಯಾದ ಸಮಯ ಗೊತ್ತಿರಬೇಕು. ಗಡಿಯಾರ 4 ನಿಮಿಷ ತಪ್ಪಿದರೆ ಲೆಕ್ಕ 1 ಡಿಗ್ರಿ ತಪ್ಪುತ್ತದೆ. ಸಮಭಾಜಕದ ಬಳಿ ಅದು ಸುಮಾರು 111 ಕಿ.ಮೀ. ಬಂಡೆಗೆ ಬಡಿದು ಹಡಗು ಮುಳುಗಲು ಅಷ್ಟು ಸಾಕು. ಒಂದು ನಿಂತರೆ ಇನ್ನೊಂದು ಇರಲಿ ಎಂದು ಜೋಡಿ ಗಡಿಯಾರ ಮಾಡಿಸಿದರು.

1665ರ ಫೆಬ್ರವರಿ. ಹೈಗೆನ್ಸ್ ಹುಷಾರಿಲ್ಲದೆ ಮಲಗಿದ್ದರು. ಒಂದೇ ತೊಲೆಗೆ ತೂಗುಹಾಕಿದ್ದ ಎರಡು ಗಡಿಯಾರಗಳನ್ನು ನೋಡುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಒಂದರ ಲೋಲಕ ಎಡಕ್ಕೆ ಹೋದಾಗ ಇನ್ನೊಂದರದ್ದು ಬಲಕ್ಕೆ ಹೋಗುತ್ತಿತ್ತು, ಚೂರೂ ತಪ್ಪದೆ. ಬೇಕೆಂದೇ ತಾಳ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಕೂಡಿಕೊಳ್ಳುತ್ತಿದ್ದವು.

ಗಾಳಿಯ ಅಲುಗಾಟವೇ ಕಾರಣ ಎಂದು ಅವರು ಮೊದಲು ನಂಬಿದರು. ಆದರೆ ಪರೀಕ್ಷೆ ಮಾಡದೆ ಬಿಡಲಿಲ್ಲ. ನಡುವೆ ಹಲಗೆ ಅಡ್ಡ ಇಟ್ಟರೂ ತಾಳ ಕೆಡಲಿಲ್ಲ. ಎರಡು ಕುರ್ಚಿಗಳ ಮೇಲೆ ತೊಲೆ ಇಟ್ಟು ಗಡಿಯಾರ ತೂಗುಹಾಕಿದಾಗ ಕುರ್ಚಿಗಳೇ ನಡುಗಿದವು. ಆಗ ಗುಟ್ಟು ತಿಳಿಯಿತು. ಲೋಲಕಗಳು ತೊಲೆಯನ್ನು ಕಣ್ಣಿಗೆ ಕಾಣದಷ್ಟು ಅಲುಗಿಸುತ್ತವೆ, ಆ ಅಲುಗಾಟ ಇನ್ನೊಂದನ್ನು ತಟ್ಟುತ್ತದೆ. ಎರಡೂ ಎದುರುಬದುರಾಗಿ ತೂಗಿದಾಗ ತಳ್ಳಾಟ ಒಂದನ್ನೊಂದು ರದ್ದು ಮಾಡುತ್ತದೆ, ಆ ಸ್ಥಿತಿಯಲ್ಲೇ ನಿಲ್ಲುತ್ತವೆ. ಹೈಗೆನ್ಸ್ ತಮ್ಮ ಮೊದಲ ಮಾತನ್ನು ಕೈಬಿಟ್ಟರು.

ಈ ಸತ್ಯ ಅವರಿಗೇ ದುಬಾರಿಯಾಯಿತು. ಇಷ್ಟು ಸಣ್ಣ ಅಲುಗಾಟಕ್ಕೆ ಮಣಿಯುವ ಗಡಿಯಾರವನ್ನು ಅಲೆಗಳ ಮೇಲೆ ನಂಬುವುದು ಹೇಗೆ? ಲೋಲಕ ಕೊನೆಗೂ ಹಡಗಿಗೆ ಒಗ್ಗಲಿಲ್ಲ. ಆದರೂ ಹೈಗೆನ್ಸ್ ಇದನ್ನು ಮುಚ್ಚಿಡದೆ 1673ರ ತಮ್ಮ ಗಡಿಯಾರದ ಗ್ರಂಥದಲ್ಲೂ ಬರೆದರು. 1695ರ ಜುಲೈ 8ರಂದು ಹೇಗ್‌ನಲ್ಲೇ ತೀರಿಕೊಂಡರು.

ಇಂದು ಕಾರ್ಖಾನೆಯ ರೋಬೋಟ್‌ಗಳ ಗಡಿಯಾರಗಳನ್ನೂ ಹೀಗೆ ಕೂಡಿಸಬೇಕು. ಅಲ್ಲಿ ತೊಲೆಯ ಜಾಗದಲ್ಲಿ ಈಥರ್ನೆಟ್ ಕೇಬಲ್ ಇದೆ. ಅದರಲ್ಲಿ ಹೋಗುವ ಸಂದೇಶದ ಪೊಟ್ಟಣಕ್ಕೆ ಫ್ರೇಮ್ ಎಂದು ಹೆಸರು. ತಲುಪಬೇಕಾದ ವಿಳಾಸ 6 ಬೈಟ್, ಕಳಿಸಿದವರ ವಿಳಾಸ 6 ಬೈಟ್, ಒಳಗೇನಿದೆ ಎಂಬ ಗುರುತು 2 ಬೈಟ್, ನಂತರ ವಿಷಯ. ಮುಖ್ಯ ಗಡಿಯಾರ ತನ್ನ ಸಮಯ ಕಳಿಸುತ್ತದೆ, ಇನ್ನೊಂದು ಉತ್ತರಿಸುತ್ತದೆ. ಹೋಗಿಬರುವ ಹೊತ್ತನ್ನು ಅಳೆದು, ಅದರ ಅರ್ಧವನ್ನು ದಾರಿಯ ತಡ ಎಂದು ಲೆಕ್ಕ ಹಾಕಿ ಸಮಯ ತಿದ್ದಿಕೊಳ್ಳುತ್ತದೆ. 2002ರಲ್ಲಿ ಬಂದ ಈ ನಿಯಮಕ್ಕೆ ಪಿಟಿಪಿ ಎನ್ನುತ್ತಾರೆ. ಇದರಿಂದ ವ್ಯತ್ಯಾಸವನ್ನು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಮಾಡಬಹುದು.

ಎರಡು ಗಡಿಯಾರ ಸುಮ್ಮನೆ ಒಂದಾಗುವುದಿಲ್ಲ, ನಡುವೆ ಒಂದು ದಾರಿ ಇದ್ದೇ ಇರುತ್ತದೆ. ಮುಂದಿನ ಸಲ ಆ ವಿಡಿಯೋ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಕೆಳಗಿನ ಹಲಗೆಯನ್ನೊಮ್ಮೆ ಗಮನಿಸಿ.