ಭೂಮಿಯ ನಡುಕವನ್ನು ಬರೆದಿಟ್ಟ ಜಾನ್ ಮಿಲ್ನ್



ಹೋದ ತಿಂಗಳು ಧರ್ಮೋಪದೇಶದ ತರಗತಿ ಮುಗಿದ ಮೇಲೆ ಆರನೇ ತರಗತಿಯ ಹುಡುಗನೊಬ್ಬ ನನ್ನನ್ನು ತಡೆದು ನಿಲ್ಲಿಸಿದ. ಸಮುದ್ರದಾಚೆ ಎಲ್ಲೋ ಭೂಕಂಪವಾದರೆ ಇಲ್ಲಿ ಕೂತವರಿಗೆ ಅದು ಹೇಗೆ ಗೊತ್ತಾಗುತ್ತದೆ ಅಣ್ಣಾ ಎಂದು ಕೇಳಿದ. ಬಿ.ಎಸ್ಸಿ. ಓದಿದ್ದೇನಲ್ಲ ಎಂಬ ಧೈರ್ಯದಲ್ಲಿ ಏನೋ ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಆ ಪ್ರಶ್ನೆಯ ಹಿಂದೆಯೇ ಬದುಕು ಸವೆಸಿದ ಒಬ್ಬರ ಕಥೆಯನ್ನು ಆಮೇಲೆ ಓದಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಜಾನ್ ಮಿಲ್ನ್ ಹುಟ್ಟಿದ್ದು 1850ರ ಡಿಸೆಂಬರ್ 30ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಓದಿದ್ದು ಗಣಿ ಮತ್ತು ಭೂವಿಜ್ಞಾನ. ಟೋಕಿಯೊದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹಡಗಿನ ಪ್ರಯಾಣ ಅವರಿಗೆ ಒಗ್ಗುತ್ತಿರಲಿಲ್ಲ. ಹಾಗಾಗಿ 1875ರಲ್ಲಿ ಹೊರಟು, ಸೈಬೀರಿಯದ ಚಳಿಯಲ್ಲಿ ನೆಲದ ದಾರಿ ಹಿಡಿದು, ಮರುವರ್ಷ ಜಪಾನ್ ತಲುಪಿದರು. ಹಾಕೊದಾತೆ ಊರಿನ ಬೌದ್ಧ ಮಠಾಧಿಪತಿಯ ಮಗಳು ತೋನೆಯನ್ನು ಮದುವೆಯಾದರು.

ಜಪಾನಿನಲ್ಲಿ ನೆಲ ನಡುಗುವುದು ಹೊಸತೇನಲ್ಲ. ಆದರೆ 1880ರ ಫೆಬ್ರವರಿ 22ರಂದು ಯೊಕೊಹಾಮಾ ನಡುಗಿದಾಗ ಮಿಲ್ನ್ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಭೂಕಂಪದ ಅಧ್ಯಯನಕ್ಕೆಂದೇ ಒಂದು ಸಂಘ ಹುಟ್ಟಿತು. ಜೊತೆಗಾರರಾದ ಯೂಯಿಂಗ್ ಮತ್ತು ಗ್ರೇ ಅವರೊಡನೆ ಸೇರಿ ಮಿಲ್ನ್ ಉಪಕರಣಗಳನ್ನು ಕಟ್ಟತೊಡಗಿದರು. ಇವರೇ ಮೊದಲಿಗರೇನಲ್ಲ. 1875ರಲ್ಲೇ ಇಟಲಿಯಲ್ಲಿ ಫಿಲಿಪ್ಪೊ ಚೆಕ್ಕಿ ಎಂಬ ನಮ್ಮ ಗುರುಗಳೊಬ್ಬರು ನಡುಕವನ್ನು ಬರೆದುಕೊಳ್ಳುವ ಯಂತ್ರ ಮಾಡಿದ್ದರು. ಆದರೆ ಅದು ಅಷ್ಟು ಸೂಕ್ಷ್ಮವಾಗಿರಲಿಲ್ಲ.

ಇದರಲ್ಲಿರುವ ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭೂಮಿ ಅಲುಗಿದರೆ ಮನೆ, ಮೇಜು, ನಾವು ಎಲ್ಲವೂ ಜೊತೆಗೇ ಅಲುಗುತ್ತೇವೆ. ಹಾಗಾದರೆ ಯಾವುದನ್ನು ನೋಡಿ ಅಳೆಯುವುದು? ಅಲುಗದೆ ನಿಲ್ಲುವ ಒಂದು ವಸ್ತು ಬೇಕು. ತೂಗುಹಾಕಿದ ಭಾರಕ್ಕೆ ಆ ಗುಣ ಇದೆ. ಅದು ಜಡವಾಗಿರುವುದರಿಂದ ನೆಲ ಸರಿದರೂ ಕ್ಷಣಕಾಲ ಇದ್ದಲ್ಲೇ ನಿಲ್ಲುತ್ತದೆ. ಆದರೆ ನಿಧಾನವಾದ ಅಲೆಗಳನ್ನು ಹಿಡಿಯಬೇಕಾದರೆ ಭಾರವೂ ನಿಧಾನವಾಗಿ ತೂಗಬೇಕು, ಅದಕ್ಕೆ ಬಹಳ ಉದ್ದದ ಹಗ್ಗ ಬೇಕು. ಇದಕ್ಕೆ ಸುಲಭದ ದಾರಿ ನಮ್ಮ ಹಟ್ಟಿಯ ಗೇಟಿನಲ್ಲೇ ಇದೆ. ಕೀಲು ಕೊಂಚ ವಾಲಿದ್ದರೆ ಗೇಟು ತಾನಾಗಿಯೇ ಮೆಲ್ಲಗೆ ತೂಗಾಡಿ ಒಂದು ಜಾಗಕ್ಕೆ ಬಂದು ನಿಲ್ಲುತ್ತದಲ್ಲ, ಹಾಗೆ. ಇದಕ್ಕೆ ಅಡ್ಡ ಲೋಲಕ ಎನ್ನಬಹುದು. ಮಿಲ್ನ್ ಯಂತ್ರದ ಜೀವಾಳ ಇದೇ. ಹಗುರವಾದ ಒಂದು ಅಡ್ಡಕೋಲು, ಅದರ ತುದಿಯಲ್ಲಿ ಸಣ್ಣ ಸೀಳು, ಮೇಲಿನಿಂದ ದೀಪದ ಬೆಳಕು, ಕೆಳಗೆ ಗಡಿಯಾರದ ಚಕ್ರಗಳಿಂದ ನಿಧಾನವಾಗಿ ಸರಿಯುವ ಫೋಟೋ ಕಾಗದ. ನೆಲ ಅಲುಗಿದರೆ ಕಾಗದದ ಮೇಲಿನ ಗೆರೆ ಅಗಲವಾಗುತ್ತದೆ.

1891ರ ಅಕ್ಟೋಬರ್ 28ರಂದು ಜಪಾನಿನ ನೋಬಿ ಬಯಲಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮಿಲ್ನ್ ಆ ಹಾನಿಯ ಚಿತ್ರಗಳನ್ನು ಪುಸ್ತಕವಾಗಿ ತಂದರು. ಆದರೆ 1895ರ ಫೆಬ್ರವರಿ 17ರಂದು ಅವರ ಸ್ವಂತ ಮನೆಗೇ ಬೆಂಕಿ ಬಿತ್ತು. ಪುಸ್ತಕಗಳು, ಉಪಕರಣಗಳು, ವರ್ಷಗಟ್ಟಲೆ ಕೂಡಿಹಾಕಿದ್ದ ದಾಖಲೆಗಳು, ಎಲ್ಲವೂ ಬೂದಿಯಾದವು. ಕಂಪ್ಯೂಟರಿನಲ್ಲಿ ಒಂದು ಫೈಲು ಹೋದರೆ ನಾನು ಎರಡು ದಿನ ಊಟ ಬಿಡುತ್ತೇನೆ. ಇವರದು ಇಪ್ಪತ್ತು ವರ್ಷದ ದುಡಿಮೆ!

ಅದೇ ವರ್ಷ ತೋನೆ ಮತ್ತು ಸಹಾಯಕ ಹಿರೋತಾ ಅವರೊಡನೆ ಇಂಗ್ಲೆಂಡಿಗೆ ಮರಳಿ, ಐಲ್ ಆಫ್ ವೈಟ್ ದ್ವೀಪದ ಶೈಡ್ ಎಂಬಲ್ಲಿ ನೆಲೆಸಿದರು. ಅಲ್ಲಿ ನೆಲ ನಡುಗುವುದೇ ಅಪರೂಪ. ಆದರೂ ಮನೆಯ ಆವರಣದಲ್ಲೇ ಮತ್ತೆ ಯಂತ್ರ ನಿಲ್ಲಿಸಿದರು. 1889ರಲ್ಲಿ ಜಪಾನಿನ ಒಂದು ಭೂಕಂಪ ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಲೋಲಕದಲ್ಲಿ ಕಾಣಿಸಿಕೊಂಡಿತ್ತು. ಹಾಗಾದರೆ ಸರಿಯಾದ ಯಂತ್ರವಿದ್ದರೆ ಲೋಕದ ಯಾವ ಮೂಲೆಯ ದೊಡ್ಡ ನಡುಕವೂ ಮನೆಯಲ್ಲೇ ಕೂತವನಿಗೆ ಸಿಗಬೇಕು. ಮಿಲ್ನ್ ಒಂದೇ ಮಾದರಿಯ ಯಂತ್ರಗಳನ್ನು ದೇಶದೇಶಗಳಲ್ಲಿ ಇಡಿಸಿದರು. ನಮ್ಮಲ್ಲಿ ಮುಂಬಯಿಯ ಕೊಲಾಬಾ, ಕಲ್ಕತ್ತದ ಆಲಿಪುರ, ಕೊಡೈಕನಾಲ್, ಈ ಮೂರು ಕಡೆ 1900ರ ಆಸುಪಾಸಿನಲ್ಲಿ ಅವು ಇದ್ದವು. ನಮ್ಮ ನೆಲ ಗಟ್ಟಿ ಬಂಡೆ ಎಂದು ನಾವು ನಿಶ್ಚಿಂತೆಯಿಂದ ಇರುತ್ತೇವೆ. ಆದರೆ 1900ರ ಫೆಬ್ರವರಿ 8ರ ಬೆಳಗಿನ ಜಾವ ಕೊಯಮತ್ತೂರಿನ ಕಡೆ ಆದ ಭೂಕಂಪ ದಕ್ಷಿಣ ಭಾರತದ ದೊಡ್ಡ ಭಾಗವನ್ನೇ ಅಲುಗಿಸಿತ್ತು.

ಆ ಯಂತ್ರಕ್ಕೆ ದೋಷವೂ ಇತ್ತು. ಒಮ್ಮೆ ತೂಗಾಡತೊಡಗಿದರೆ ಬೇಗ ನಿಲ್ಲುತ್ತಿರಲಿಲ್ಲ, ಹಾಗಾಗಿ ನೆಲದ ಅಲುಗಾಟ ಯಾವುದು, ಕೋಲಿನದು ಯಾವುದು ಎಂದು ಬಿಡಿಸುವುದು ಕಷ್ಟ. ಜರ್ಮನಿಯ ವೀಶರ್ಟ್ ತಮ್ಮ ಯಂತ್ರದಲ್ಲಿ ಇದನ್ನು ಸರಿಪಡಿಸಿದರು. ಆದರೂ ಎಲ್ಲ ಕೇಂದ್ರಗಳ ಲೆಕ್ಕವನ್ನು ಒಂದೆಡೆ ತಂದು, ಅಚ್ಚು ಹಾಕಿಸಿ, ತಪ್ಪದೆ ಎಲ್ಲರಿಗೂ ಕಳಿಸಿದವರು ಮಿಲ್ನ್. 1913ರ ಜುಲೈ 31ರಂದು ಅವರು ಶೈಡ್‌ನಲ್ಲೇ ತೀರಿಕೊಂಡರು. ಕೆಲವು ವರ್ಷಗಳ ನಂತರ ತೋನೆ ಜಪಾನಿಗೆ ಹಿಂದಿರುಗಿದರು. ಲೆಕ್ಕ ಕೂಡಿಸುವ ಕೆಲಸ ಆಕ್ಸ್‌ಫರ್ಡಿಗೆ ಹೋಯಿತು. 1964ರಲ್ಲಿ ಅಂತರರಾಷ್ಟ್ರೀಯ ಭೂಕಂಪ ಕೇಂದ್ರವಾಗಿ ಬೆಳೆದು ಇಂದಿಗೂ ನಡೆಯುತ್ತಿದೆ.

ಆ ಹುಡುಗನಿಗೆ ಈಗ ಉತ್ತರ ಸಿಕ್ಕಿದೆ, ಆದರೆ ಅವನಿಗೆ ಅಷ್ಟು ಸಾಲದಂತೆ. ನಾವೇ ಒಂದು ಮಾಡೋಣ ಎನ್ನುತ್ತಾನೆ. ಧರ್ಮಕೇಂದ್ರದ ಹಿಂದಿನ ಕೋಣೆಯಲ್ಲಿ ಜಾಗ ಕೊಡುವುದಾಗಿ ಫಾದರ್ ಒಪ್ಪಿದ್ದಾರೆ. ಕಬ್ಬಿಣದ ಸಲಾಕೆ, ಹಳೆಯ ಸ್ಪೀಕರಿನ ಅಯಸ್ಕಾಂತ, ತಾಮ್ರದ ತಂತಿಯ ಸುರುಳಿ, ತೂಗಾಟ ತಡೆಯಲು ಎಣ್ಣೆ ತುಂಬಿದ ಬಟ್ಟಲು ಬೇಕು. ಮೊದಮೊದಲು ಅದು ಕಲ್ಲುಕ್ವಾರಿಯ ಸಿಡಿತವನ್ನೂ ರಸ್ತೆಯ ಟಿಪ್ಪರ್‌ಗಳನ್ನೂ ಬರೆಯುವುದೇ ಹೆಚ್ಚು ಎಂದು ಅವನಿಗೆ ಮೊದಲೇ ಹೇಳಿದ್ದೇನೆ. ಹಾಳಾದ ಸ್ಪೀಕರ್ ಯಾರ ಮನೆಯಲ್ಲಾದರೂ ಇದ್ದರೆ ಮುಂದಿನ ಭಾನುವಾರ ಬಲಿಪೂಜೆಯ ನಂತರ ತಂದುಕೊಡಿ.