ಗ್ಯಾಸ್ಟನ್ ಪ್ಲಾಂಟೆ

ಗ್ಯಾಸ್ಟನ್ ಪ್ಲಾಂಟೆ (ಏಪ್ರಿಲ್ 22, 1834 – ಮೇ 21, 1889) ಫ್ರಾನ್ಸ್ ದೇಶದ ಭೌತವಿಜ್ಞಾನಿ. 1859ರಲ್ಲಿ ಇವರು ನಿರ್ಮಿಸಿದ ಸೀಸ-ಆಮ್ಲ ಕೋಶವು, ಬರಿದಾದ ಬಳಿಕ ಪುನಃ ವಿದ್ಯುತ್ತನ್ನು ಹರಿಸಿ ಬಳಸಬಹುದಾದ ಬ್ಯಾಟರಿಗಳಲ್ಲಿ ಬಳಕೆಗೆ ಯೋಗ್ಯವಾದ ಮೊದಲನೆಯದೆಂದು ಪರಿಗಣಿತವಾಗಿದೆ. ಕಾರು, ಲಾರಿ, ಟ್ರ್ಯಾಕ್ಟರುಗಳನ್ನು ಚಾಲೂ ಮಾಡುವ ಬ್ಯಾಟರಿಗಳೂ ಮನೆಗಳ ಇನ್ವರ್ಟರ್ ಬ್ಯಾಟರಿಗಳೂ ಇಂದಿಗೂ ಬಹುಮಟ್ಟಿಗೆ ಇದೇ ತತ್ತ್ವವನ್ನು ಅವಲಂಬಿಸಿವೆ.

ಜನನ ಮತ್ತು ವೃತ್ತಿಜೀವನ

ಪ್ಲಾಂಟೆ ಅವರು ನೈಋತ್ಯ ಫ್ರಾನ್ಸಿನ ಪಿರೆನೀಸ್ ಪರ್ವತಶ್ರೇಣಿಗೆ ಸಮೀಪದ ಓರ್ತೆಜ್ ಎಂಬ ಊರಿನಲ್ಲಿ ಜನಿಸಿದರು. ಪ್ರಸಿದ್ಧ ಪಿಯಾನೋ ವಾದಕ ಫ್ರಾನ್ಸಿಸ್ ಪ್ಲಾಂಟೆ ಇವರ ಸಹೋದರರು. 1854ರಲ್ಲಿ ಪ್ಯಾರಿಸಿನ ಕಲೆ ಮತ್ತು ಕೈಗಾರಿಕೆಗಳ ರಾಷ್ಟ್ರೀಯ ಸಂಸ್ಥೆಯಲ್ಲಿ (ಕನ್ಸರ್ವತ್ವಾರ್ ದೆಸ್ ಆರ್ಟ್ಸ್ ಎ ಮೆತಿಯೆ) ಭೌತವಿಜ್ಞಾನದ ಸಹಾಯಕರಾಗಿ ಸೇರಿದರು. 1860ರಲ್ಲಿ, ಜನಸಾಮಾನ್ಯರಿಗೆ ಶಿಕ್ಷಣ ನೀಡುತ್ತಿದ್ದ ಪಾಲಿಟೆಕ್ನಿಕ್ ಸಂಘದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದರು.

ಪಳೆಯುಳಿಕೆಯ ಶೋಧ

1855ರಲ್ಲಿ ಪ್ಲಾಂಟೆ ಅವರಿಗೆ ಪ್ಯಾರಿಸ್ ಸಮೀಪದ ಮ್ಯೂದೊನ್‌ನಲ್ಲಿ ಬೃಹತ್ ಪಕ್ಷಿಯೊಂದರ ಪಳೆಯುಳಿಕೆ ದೊರೆಯಿತು. ಐದು ಕೋಟಿ ವರ್ಷಗಳಿಗೂ ಹಿಂದೆ ಬದುಕಿದ್ದ, ಹಾರಲಾರದ ಈ ಪಕ್ಷಿಗೆ ಶೋಧಕರ ಗೌರವಾರ್ಥ ಗ್ಯಾಸ್ಟಾರ್ನಿಸ್, ಅಂದರೆ ಗ್ಯಾಸ್ಟನ್‌ನ ಪಕ್ಷಿ, ಎಂದು ಹೆಸರಿಡಲಾಯಿತು. ಹೀಗಾಗಿ ಪ್ಲಾಂಟೆ ಅವರ ಹೆಸರು ವಿದ್ಯುದ್ವಿಜ್ಞಾನದಲ್ಲಿ ಮಾತ್ರವಲ್ಲದೆ ಪ್ರಾಚೀನ ಜೀವವಿಜ್ಞಾನದಲ್ಲಿಯೂ ಉಳಿದಿದೆ.

ಸೀಸ-ಆಮ್ಲ ಕೋಶ

ಅಂದಿನ ವಿದ್ಯುತ್ಕೋಶಗಳಲ್ಲಿ ಸತುವಿನಂತಹ ಲೋಹವು ಕರಗುತ್ತಾ ಹೋಗಿ ವಿದ್ಯುತ್ತು ದೊರೆಯುತ್ತಿತ್ತು. ಲೋಹ ಮುಗಿದರೆ ಕೋಶದ ಆಯುಷ್ಯವೂ ಮುಗಿಯುತ್ತಿತ್ತು. ವಿದ್ಯುದ್ವಿಭಜನೆಯ ವೇಳೆ ಲೋಹದ ಫಲಕಗಳಲ್ಲಿ ಉಂಟಾಗುವ ಧ್ರುವೀಕರಣವನ್ನು ಅಭ್ಯಸಿಸುತ್ತಿದ್ದ ಪ್ಲಾಂಟೆ, ಸೀಸದ ಫಲಕಗಳು ತಮಗೆ ನೀಡಿದ ವಿದ್ಯುತ್ತಿನ ಬಹುಭಾಗವನ್ನು ಹಿಂದಿರುಗಿಸಬಲ್ಲವು ಎಂಬುದನ್ನು ಗಮನಿಸಿದರು.

ಅವರು ಸೀಸದ ಎರಡು ತೆಳುವಾದ ತಗಡುಗಳ ನಡುವೆ ನಾರುಬಟ್ಟೆಯನ್ನಿರಿಸಿ, ಚಾಪೆಯಂತೆ ಸುರುಳಿ ಸುತ್ತಿ, ದುರ್ಬಲ ಸಲ್ಫ್ಯೂರಿಕ್ ಆಮ್ಲವಿದ್ದ ಗಾಜಿನ ಪಾತ್ರೆಯಲ್ಲಿ ಮುಳುಗಿಸಿದರು. ಬಟ್ಟೆಯ ಬದಲು ರಬ್ಬರ್ ಪಟ್ಟಿಗಳನ್ನೂ ಮುಂದೆ ಬಳಸಿದರು. ವಿದ್ಯುತ್ತನ್ನು ಹರಿಸಿದಾಗ ಧನಫಲಕದ ಮೇಲೆ ಕಂದುಬಣ್ಣದ ಲೆಡ್ ಡೈಆಕ್ಸೈಡ್ ಪದರವೂ ಋಣಫಲಕದ ಮೇಲೆ ರಂಧ್ರಯುಕ್ತ ಸೀಸವೂ ಉಂಟಾಗುತ್ತವೆ. ಕೋಶವು ವಿದ್ಯುತ್ತನ್ನು ನೀಡುವಾಗ ಇವೆರಡೂ ಸೀಸದ ಸಲ್ಫೇಟ್ ಆಗಿ ಮಾರ್ಪಡುತ್ತವೆ, ಆಮ್ಲವು ತೆಳುವಾಗುತ್ತದೆ. ಪುನಃ ವಿದ್ಯುತ್ತನ್ನು ಹರಿಸಿದರೆ ಎಲ್ಲವೂ ಪೂರ್ವಸ್ಥಿತಿಗೆ ಮರಳುತ್ತವೆ. ಪ್ರತಿ ಕೋಶವು ಸುಮಾರು 2 ವೋಲ್ಟ್ ನೀಡುತ್ತದೆ. 1860ರಲ್ಲಿ ಒಂಬತ್ತು ಕೋಶಗಳ ಬ್ಯಾಟರಿಯನ್ನು ಅವರು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿರಿಸಿದರು.

ಎದುರಾದ ತೊಡಕುಗಳು

ನುಣುಪಾದ ಸೀಸದ ಮೇಲೆ ಉಂಟಾಗುವ ಪದರ ಅತಿ ತೆಳುವಾದುದರಿಂದ ಹೊಸ ಕೋಶದಲ್ಲಿ ಅಲ್ಪಪ್ರಮಾಣದ ವಿದ್ಯುತ್ತು ಮಾತ್ರ ಹಿಡಿಯುತ್ತಿತ್ತು. ಕೋಶವನ್ನು ಮತ್ತೆ ಮತ್ತೆ ತುಂಬಿಸಿ ಬರಿದು ಮಾಡಿ, ಪ್ರವಾಹದ ದಿಕ್ಕನ್ನು ಬದಲಿಸಿ, ನಡುನಡುವೆ ವಿಶ್ರಾಂತಿ ನೀಡಿದರೆ ಪದರವು ದಪ್ಪವಾಗುವುದೆಂದು ಪ್ಲಾಂಟೆ ಕಂಡುಕೊಂಡರು. ಈ ಕ್ರಿಯೆಗೆ ವಾರಗಳು, ತಿಂಗಳುಗಳೇ ಹಿಡಿಯುತ್ತಿದ್ದವು.

ಇದಕ್ಕಿಂತ ದೊಡ್ಡ ತೊಡಕು ಬೇರೊಂದಿತ್ತು. ಕೋಶವನ್ನು ತುಂಬಿಸಲು ಆಗ ಯಂತ್ರಗಳಿರಲಿಲ್ಲ. ಕರಗಿ ಮುಗಿಯುವ ಹಳೆಯ ಬಗೆಯ ಕೋಶಗಳನ್ನೇ ಅದಕ್ಕೂ ಬಳಸಬೇಕಾಗಿತ್ತು. ಆದ್ದರಿಂದ ಪ್ಲಾಂಟೆ ಅವರ ಶೋಧವು ಹಲವು ವರ್ಷ ಪ್ರಯೋಗಾಲಯದ ಉಪಕರಣವಾಗಿಯೇ ಉಳಿಯಿತು. 1870ರ ದಶಕದಲ್ಲಿ ಜೆನೋಬ್ ಗ್ರಾಮ್ ಅವರ ಡೈನಮೊ ಬಳಕೆಗೆ ಬಂದ ಬಳಿಕ ಈ ಅಡಚಣೆ ನೀಗಿತು. 1881ರಲ್ಲಿ ಕಮೀಲ್ ಫೋರ್ ಎಂಬ ರಸಾಯನವಿಜ್ಞಾನಿ ಸೀಸದ ಆಕ್ಸೈಡಿನ ಲೇಪವನ್ನು ಫಲಕಗಳಿಗೆ ಮೊದಲೇ ಹಚ್ಚುವ ಕ್ರಮವನ್ನು ತಂದುದರಿಂದ ಕಾರ್ಖಾನೆಗಳಲ್ಲಿ ತಯಾರಿಕೆ ಸಾಧ್ಯವಾಯಿತು.

ಇತರ ಸಂಶೋಧನೆಗಳು

ನೂರಾರು ಕೋಶಗಳನ್ನು ಜೋಡಿಸಿದ ಪ್ಲಾಂಟೆ, ಅವುಗಳ ನೆರವಿನಿಂದ ರಿಯೋಸ್ಟ್ಯಾಟಿಕ್ ಯಂತ್ರವೆಂಬ ಸಾಧನವನ್ನು ನಿರ್ಮಿಸಿದರು. ಇದರಲ್ಲಿ ಅನೇಕ ಸಂಧಾರಕಗಳನ್ನು ಸಮಾಂತರವಾಗಿ ತುಂಬಿಸಿ, ಸರಣಿಯಲ್ಲಿ ಬರಿದು ಮಾಡಿ ಅತ್ಯಧಿಕ ವೋಲ್ಟೇಜ್ ಪಡೆಯಲಾಗುತ್ತಿತ್ತು. ಪ್ರಯೋಗಾಲಯದ ಇಂತಹ ಪ್ರಯೋಗಗಳನ್ನು ಅವರು ಚೆಂಡುಮಿಂಚು, ಧ್ರುವಪ್ರಭೆ ಮೊದಲಾದ ನೈಸರ್ಗಿಕ ವಿದ್ಯಮಾನಗಳೊಡನೆ ಹೋಲಿಸಿ ನೋಡಿದರು. ಅವರ ವಿದ್ಯುತ್ ಸಂಶೋಧನೆಗಳ ಗ್ರಂಥವು 1879ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು.

ಪ್ರಭಾವ

1889ರಲ್ಲಿ, 55ನೆಯ ವಯಸ್ಸಿನಲ್ಲಿ ಪ್ಲಾಂಟೆ ನಿಧನರಾದರು. ಕಾರಿನ ಎಂಜಿನ್ನನ್ನು ವಿದ್ಯುತ್ತಿನಿಂದ ಚಾಲೂ ಮಾಡುವ ವ್ಯವಸ್ಥೆ 1912ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಅನಂತರ ಸೀಸ-ಆಮ್ಲ ಬ್ಯಾಟರಿ ಪ್ರತಿ ವಾಹನದ ಅಂಗವಾಯಿತು. ಇಂತಹ ಆರು ಕೋಶಗಳು ಸೇರಿ 12 ವೋಲ್ಟಿನ ಬ್ಯಾಟರಿಯಾಗುತ್ತದೆ.

ಪ್ಲಾಂಟೆ ಅವರ ಕೋಶದ ಗುಣದೋಷಗಳೂ ಈ ಬ್ಯಾಟರಿಗಳಿಗೆ ಬಂದಿವೆ. ವಿಶ್ರಾಂತಿಯ ವೇಳೆ ಫಲಕಗಳಲ್ಲಿ ತಾನಾಗಿಯೇ ನಡೆಯುವ ರಾಸಾಯನಿಕ ಕ್ರಿಯೆಯು ಅವರಿಗೆ ಪದರವನ್ನು ದಪ್ಪಗೊಳಿಸಲು ನೆರವಾಗಿತ್ತು. ಅದೇ ಕ್ರಿಯೆಯು ನಿಲ್ಲಿಸಿಟ್ಟ ವಾಹನದ ಬ್ಯಾಟರಿಯನ್ನು ನಿಧಾನವಾಗಿ ಬರಿದು ಮಾಡುತ್ತದೆ. ಬರಿದಾದ ಬ್ಯಾಟರಿಯನ್ನು ಬಹುಕಾಲ ಹಾಗೆಯೇ ಬಿಟ್ಟರೆ ಸಲ್ಫೇಟಿನ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ, ಮತ್ತೆ ತುಂಬಿಸಿದರೂ ಪೂರ್ತಿಯಾಗಿ ಕರಗುವುದಿಲ್ಲ. ಶೀತದೇಶಗಳಲ್ಲಿ ಇನ್ನೊಂದು ಅಪಾಯವಿದೆ: ಬರಿದಾದ ಬ್ಯಾಟರಿಯ ಆಮ್ಲವು ಬಹುತೇಕ ನೀರಿನಂತಾಗಿ, ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಪೆಟ್ಟಿಗೆಯನ್ನು ಒಡೆಯಬಹುದು. ಪೂರ್ಣ ತುಂಬಿದ ಬ್ಯಾಟರಿ ಸೊನ್ನೆಗಿಂತ 50 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೆಪ್ಪುಗಟ್ಟದು.

ಈ ಕಾರಣದಿಂದಲೇ ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಚಳಿಗಾಲವಿಡೀ ನಿಲ್ಲಿಸಿಡುವ ಬೈಕು, ದೋಣಿ, ಹಳೆಯ ಕಾರುಗಳ ಬ್ಯಾಟರಿಗಳಿಗೆ ಟ್ರಿಕಲ್ ಚಾರ್ಜರ್ ಜೋಡಿಸುವ ರೂಢಿಯಿದೆ. ಇದು ಬ್ಯಾಟರಿ ತಾನಾಗಿ ಕಳೆದುಕೊಳ್ಳುವಷ್ಟೇ ವಿದ್ಯುತ್ತನ್ನು ಸಣ್ಣ ಪ್ರವಾಹದಲ್ಲಿ ತುಂಬುತ್ತಿರುತ್ತದೆ. ಪ್ರವಾಹ ಅತಿಯಾದರೆ ನೀರು ವಿಭಜನೆಗೊಂಡು, ಹೊತ್ತಿಕೊಳ್ಳಬಲ್ಲ ಹೈಡ್ರೋಜನ್ ಹೊರಬರುವುದರಿಂದ, ವೋಲ್ಟೇಜನ್ನು ಅರಿತು ತಾನೇ ಪ್ರವಾಹ ತಗ್ಗಿಸುವ ಚಾರ್ಜರ್ ಹಾಗೂ ಗಾಳಿಯಾಡುವ ಸ್ಥಳ ಅವಶ್ಯಕ.

ಶುದ್ಧ ಸೀಸದ ಫಲಕಗಳಿಂದ ತಯಾರಾಗುವ ಪ್ಲಾಂಟೆ ಮಾದರಿಯ ಕೋಶಗಳು ದೀರ್ಘ ಬಾಳಿಕೆಗೆ ಹೆಸರಾಗಿದ್ದು, ವಿದ್ಯುದಾಗಾರಗಳಂತಹ ಸ್ಥಳಗಳಲ್ಲಿ ಬದಲಿ ವಿದ್ಯುತ್ತಿನ ವ್ಯವಸ್ಥೆಗಾಗಿ ಬಳಕೆಯಾಗುತ್ತಾ ಬಂದಿವೆ.