ಬೀಚಿಯವರೂ ನನ್ನ ಬಾನುಲಿ ನಾಟಕವೂ

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಾನುಲಿ ಮಾದರಿಯ ಹಾಸ್ಯನಾಟಕವೊಂದನ್ನು ಬರೆದುಕೊಡುವ ಭಾರ ನನ್ನ ಮೇಲೆ ಬಿತ್ತು. ಪಾತ್ರಧಾರಿಗಳು ಪರದೆಯ ಹಿಂದೆ ನಿಂತು ಧ್ವನಿವರ್ಧಕದಲ್ಲಿ ಮಾತನಾಡಬೇಕು; ಸಭಿಕರು ಕಿವಿಯಿಂದಲೇ ಎಲ್ಲವನ್ನೂ ಕಾಣಬೇಕು. ವಸ್ತು ವಿಜ್ಞಾನಕ್ಕೆ ಸಂಬಂಧಿಸಿರಲಿ ಎಂದು ಗುರುಗಳ ಅಪ್ಪಣೆ. ಆಕಾಶನೌಕೆ, ಯಂತ್ರಮಾನವ, ಮಂಗಳಗ್ರಹದ ರಾಣಿ ಎಲ್ಲವನ್ನೂ ಸೇರಿಸಿ ಹನ್ನೆರಡು ಪುಟ ಬರೆದೆನು. ಪಾತ್ರಗಳಿಗೆಲ್ಲ ಇಂಗ್ಲಿಷ್ ಹೆಸರು. ಮಾತೆಲ್ಲ ಪುಸ್ತಕದ ಮಾತು.

ರಾತ್ರಿ ಅದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ರೊಟ್ಟಿ ತಟ್ಟುತ್ತ ಕೊನೆಯವರೆಗೂ ಕೇಳಿದಳು, ನಗಲಿಲ್ಲ. ಅವರೆಲ್ಲ ಯಾವ ಊರಿನವರು, ಇಲ್ಲಿಗೆ ಯಾತಕ್ಕೆ ಬಂದರು ಎಂದಷ್ಟೆ ವಿಚಾರಿಸಿದಳು. ಓದು ಬಾರದವಳಿಗೆ ವಿಜ್ಞಾನವೇನು ತಿಳಿದೀತೆಂದು ಬಿರುಸಾಗಿ ನುಡಿದುಬಿಟ್ಟೆ. ಅವಳು ಸುಮ್ಮನಾದಳು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಗ್ರಂಥಾಲಯದಲ್ಲಿ ಬೀಚಿಯವರ ಪುಸ್ತಕಗಳನ್ನು ಹುಡುಕಿಕೊಂಡು ಹೋದೆ. ನಗಿಸುವ ವಿದ್ಯೆಯನ್ನು ಕಲಿಯಲು ಹೋದವನು ಅವರ ಜೀವನವನ್ನು ತಿಳಿದು ಬಂದೆನು.

ರಾಯಸಂ ಭೀಮಸೇನರಾವ್ ಎಂದರೆ ಹಲವರಿಗೆ ಗುರುತು ಹತ್ತಲಿಕ್ಕಿಲ್ಲ. ಬೀಚಿ ಎಂದರೆ ಸಾಕು. 1913ರ ಏಪ್ರಿಲ್ 23ರಂದು ನಮ್ಮ ನೆರೆಯ ಹರಪನಹಳ್ಳಿಯಲ್ಲಿ ಅವರ ಜನನ. ಆಗ ಈ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಯೊಡನೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಆ ಹುಡುಗ ಬಂಧುಗಳ ಆಸರೆಯಲ್ಲಿ, ಬಡತನದಲ್ಲಿ ಬೆಳೆದನು. ಕಾಲೇಜಿನ ಭಾಗ್ಯ ಅವರಿಗೆ ದೊರೆಯಲಿಲ್ಲ. ಪೊಲೀಸ್ ಇಲಾಖೆಯಲ್ಲಿ ನೌಕರಿ ಹಿಡಿದರು. ಜನರ ಕಷ್ಟಸುಖಗಳನ್ನೂ, ಸುಳ್ಳುನಿಜಗಳನ್ನೂ ಹತ್ತಿರದಿಂದ ನೋಡಲು ಅದಕ್ಕಿಂತ ಬೇರೆ ಪಾಠಶಾಲೆ ಬೇಕೆ?

ಇಷ್ಟು ದೊಡ್ಡ ಕನ್ನಡ ಲೇಖಕರಿಗೆ ಮೊದಮೊದಲು ಕನ್ನಡವೆಂದರೆ ತಾತ್ಸಾರವಿತ್ತೆಂದರೆ ವಾಚಕರು ನಂಬಲಾರರು. ಓದಿದರೆ ಇಂಗ್ಲಿಷನ್ನೇ ಓದಬೇಕೆಂಬುದು ಅವರ ಆಗಿನ ನಿಲುವು. ಹೀಗಿರುವಾಗ ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿ ಅವರ ಕೈಗೆ ಬಂತು. ಅದನ್ನು ಓದಿದ ಬಳಿಕ ಅವರು ಮತ್ತೆ ಮೊದಲಿನ ಮನುಷ್ಯರಾಗಿ ಉಳಿಯಲಿಲ್ಲ. ತನ್ನ ಮನೆಯ ನುಡಿಯಲ್ಲಿ ಇಂಥದೊಂದು ಲೋಕವಿದೆಯೆಂದು ತಿಳಿದು, ಕನ್ನಡದಲ್ಲಿ ಬರೆಯತೊಡಗಿದರು, ಅ. ನ. ಕೃ. ಅವರನ್ನೇ ಗುರುವೆಂದು ಬಗೆದರು. ಲೇಖನನಾಮವನ್ನು ಮಾತ್ರ ಬೀಚ್‌ಕೋಂಬರ್ ಎಂಬ ಇಂಗ್ಲಿಷ್ ನಗೆಗಾರನ ಹೆಸರಿನಿಂದ ತೆಗೆದುಕೊಂಡರು. ಆ ಹೆಸರು ಈಗ ಎಷ್ಟು ನಮ್ಮದಾಗಿದೆಯೆಂದರೆ ಅದರ ಮೂಲವನ್ನು ಕೇಳುವವರೇ ಇಲ್ಲ.

ಈ ಭಾಗವನ್ನು ಓದುವಾಗ ನನ್ನ ಮುಖ ಕೆಂಪಾಯಿತು. ಅವ್ವನ ಮಾತಿಗೆ ನಾಚಿ ನಾನು ಪಾತ್ರಗಳಿಗೆ ಪರದೇಶದ ಹೆಸರಿಟ್ಟಿದ್ದೆನಲ್ಲವೆ?

ಅವರ ಬರವಣಿಗೆ ಅರವತ್ತಕ್ಕೂ ಮಿಕ್ಕ ಪುಸ್ತಕಗಳಾಗಿ ಬೆಳೆಯಿತು. ಕಾದಂಬರಿ, ನಾಟಕ, ನಗೆಬರಹ, ಪತ್ರಿಕೆಯ ಅಂಕಣ, ಬಾನುಲಿ ನಾಟಕ, ಯಾವುದನ್ನೂ ಅವರು ಬಿಡಲಿಲ್ಲ. ಅವರು ಸೃಷ್ಟಿಸಿದ ತಿಂಮ ಮೇಲುನೋಟಕ್ಕೆ ಪೆದ್ದ. ಆದರೆ ಬುದ್ಧಿವಂತರು ನುಂಗಿಕೊಂಡ ಪ್ರಶ್ನೆಯನ್ನು ಕೇಳುವವನು ಅವನೇ. ‘ಸುಧಾ’ ವಾರಪತ್ರಿಕೆಯಲ್ಲಿ ಅವರು ಕೊಡುತ್ತಿದ್ದ ಚುಟುಕು ಉತ್ತರಗಳಿಗಾಗಿ ಜನ ವಾರವಾರವೂ ಕಾಯುತ್ತಿದ್ದರು. ತಮ್ಮ ಆತ್ಮಕಥೆಗೂ ಅವರು ‘ಭಯಾಗ್ರಫಿ’ ಎಂದು ಹೆಸರಿಟ್ಟರು. ಅಳಬೇಕಾದ ಬಾಳನ್ನು ನಗುತ್ತ ಹೇಳಿಬಿಟ್ಟ ಧೀರರು ಅವರು. 1980ರ ಡಿಸೆಂಬರ್ 7ರಂದು ತೀರಿಕೊಂಡರು.

ಅವರ ಕಾಲದಲ್ಲಿಯೇ ಕನ್ನಡ ಬಾನುಲಿಯೂ ಬೆಳೆಯಿತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರಿನೊಡನೆ ನೆನೆಯಬೇಕಾದವರು ನಾ. ಕಸ್ತೂರಿ, ಅವರೂ ನಗೆಗಾರರೇ. 1950ರಲ್ಲಿ ಧಾರವಾಡಕ್ಕೂ 1955ರಲ್ಲಿ ಬೆಂಗಳೂರಿಗೂ ನಿಲಯಗಳು ಬಂದವು. ಬಾನುಲಿಯಲ್ಲಿ ಬಣ್ಣವಿಲ್ಲ, ವೇಷವಿಲ್ಲ. ಮಾತು ಸತ್ತರೆ ನಾಟಕವೂ ಸತ್ತಂತೆಯೇ. ಆಡುಮಾತಿನ ಜೀವನಾಡಿಯನ್ನು ಬಲ್ಲ ಬೀಚಿಯಂಥವರಿಗೆ ಅದು ಒಗ್ಗಿದ್ದು ಸಹಜವೇ ಆಗಿದೆ.

ವಿಜ್ಞಾನದ ಕಲ್ಪನೆಯನ್ನು ಬಾನುಲಿಯ ಹಾಸ್ಯಕ್ಕೆ ಇಳಿಸಿ ಜಗತ್ತಿನಲ್ಲೇ ಹೆಸರಾದವರು ಇಂಗ್ಲೆಂಡಿನ ಡಗ್ಲಾಸ್ ಆಡಮ್ಸ್. 1978ರ ಮಾರ್ಚಿಯಲ್ಲಿ ಬಿ.ಬಿ.ಸಿ.ಯಿಂದ ಪ್ರಸಾರವಾಗತೊಡಗಿದ ಅವರ ನಾಟಕದಲ್ಲಿ, ರಸ್ತೆಗಾಗಿ ಒಬ್ಬನ ಮನೆಯನ್ನು ಕೆಡವಲು ಬರುತ್ತಾರೆ. ಅದೇ ದಿನ ಆಕಾಶದ ಹೆದ್ದಾರಿಗಾಗಿ ಭೂಮಿಯನ್ನೇ ಕೆಡವುತ್ತಾರೆ! ಅಲ್ಲಿಯೂ ನಗುವಿನ ಬೇರು ನಕ್ಷತ್ರಗಳಲ್ಲಿಲ್ಲ. ನಮ್ಮ ನಿಮ್ಮ ಕಚೇರಿಯ ಕಾಗದಪತ್ರಗಳಲ್ಲಿದೆ. ಹರಪನಹಳ್ಳಿಯವರಿಗೂ ಈ ಗುಟ್ಟು ಗೊತ್ತಿತ್ತು. ‘ಹನ್ನೊಂದನೆಯ ಅವತಾರ’ವೆಂದು ನಾಟಕಕ್ಕೆ ಹೆಸರಿಟ್ಟವರು ಮೇಲಿನ ಲೋಕಕ್ಕೆ ಹೆದರುವವರೆ?

ನಾನು ಹನ್ನೆರಡು ಪುಟಗಳನ್ನೂ ಹರಿದುಹಾಕಿದೆ. ಹೊಸ ನಾಟಕದಲ್ಲಿ ಮಂಗಳಗ್ರಹದವನೊಬ್ಬ ಕೂಡ್ಲಿಗಿಯ ಬಸ್ ನಿಲ್ದಾಣದಲ್ಲಿ ಇಳಿದು ಹರಪನಹಳ್ಳಿಗೆ ದಾರಿ ಕೇಳುತ್ತಾನೆ. ಅವನ ನಕಾಶೆ ಹಳೆಯದು. ಆ ಊರು ಬಳ್ಳಾರಿ ಜಿಲ್ಲೆಯಿಂದ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಹಿಂದಕ್ಕೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತೆಂದು ಕೇಳಿ ಅವನ ಎರಡು ತಲೆಗಳೂ ತಿರುಗುತ್ತವೆ. ಗ್ರಹಗಳು ತಿರುಗುವುದನ್ನು ಅವನು ಬಲ್ಲ. ಊರುಗಳೂ ತಿರುಗುವುದನ್ನು ಅರಿಯ. ಕೊನೆಗೆ ಕಚೇರಿಗೆ ಹೋದರೆ ಗುಮಾಸ್ತರು ತಲೆಯೆತ್ತದೆ, ಯಾವ ಊರಿನವನು, ಇಲ್ಲಿಗೆ ಯಾತಕ್ಕೆ ಬಂದೆ ಎಂದು ಕೇಳುತ್ತಾರೆ.

ಅದು ಅವ್ವನ ಪ್ರಶ್ನೆ. ಓದುತ್ತಿದ್ದಂತೆ ಅವಳಿಗೆ ಗುರುತು ಹತ್ತಿತು. ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂದಿನ ಬಿರುನುಡಿಗೆ ಕ್ಷಮೆ ಕೇಳಬೇಕೆಂದಿದ್ದ ನಾನೂ ನಗತೊಡಗಿದೆ; ಕೇಳುವುದು ಹಾಗೆಯೇ ಉಳಿಯಿತು.

ವಾರ್ಷಿಕೋತ್ಸವದ ದಿನ ಸಭಿಕರು ನಕ್ಕರು. ಗುರುಗಳೂ ಬೆನ್ನು ತಟ್ಟಿದರು. ಆದರೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವ್ವ ಪಕ್ಕದವರಿಗೆ, ಆ ಪ್ರಶ್ನೆ ತನ್ನದೆಂದು ಹೇಳುತ್ತಿದ್ದಳಂತೆ. ಕೇಳದೆ ಉಳಿದ ಕ್ಷಮೆಯನ್ನು ಈ ಪುಟಗಳಲ್ಲಿ ಕೇಳುತ್ತಿದ್ದೇನೆ. ಪತ್ರಿಕೆ ಅಚ್ಚಾಗಿ ಬಂದೊಡನೆ ಇದನ್ನೂ ಅವಳಿಗೆ ಓದಿ ಹೇಳಬೇಕು.